ಹನ್ನೊಂದು ಗಂಟೆಯ ಸಂಸ್ಕೃತಿ

ನಮ್ಮಲ್ಲಿ ಸಂಸ್ಕೃತಿಯು ಬೆಳಿಗ್ಗೆ ಹತ್ತೂವರೆಗೆ ಆರಂಭವಾಗಿ ಮಧ್ಯಾಹ್ನದ ಊಟದೊಡನೆ ಮುಗಿಯುತ್ತದೆ. ಸಮಾಜದ ವಿಷಯ ಮಾತನಾಡುವುದಿದ್ದರೆ ಅದು ಮಂಗಳವಾರವೋ ಗುರುವಾರವೋ ಆಗಿರಬೇಕು. ತಂತ್ರಜ್ಞಾನದ ವಿಷಯವಾದರೆ ಸಭಾಭವನಕ್ಕೆ ಹವಾನಿಯಂತ್ರಣವೂ ಇರಬೇಕು. ಆಮಂತ್ರಣ ಪತ್ರಿಕೆಯ ತುದಿಯಲ್ಲಿ ‘ಸರ್ವರಿಗೂ ಆದರದ ಸ್ವಾಗತ’ ಎಂದು ಅಚ್ಚಾಗಿರುತ್ತದೆ. ಈ ‘ಸರ್ವರು’ ಎಂಬುವರು ಯಾರು, ವಾರದ ನಡುವೆ ಹಗಲು ಹನ್ನೊಂದು ಗಂಟೆಗೆ ಅವರು ಎಲ್ಲಿರುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ ಯಾವ ಸಂಚಾಲಕರೂ ಕೇಳಿಕೊಂಡಂತೆ ಕಾಣುವುದಿಲ್ಲ. ಅದನ್ನು ಇಲ್ಲಿ ಕೇಳಬೇಕೆಂದಿದ್ದೇನೆ.

ಇಂಥ ಸಭೆಗಳನ್ನು ಕಂಡವರಿಗೆ ಅವುಗಳ ಕ್ರಮ ಬಾಯಿಪಾಠವಾಗಿರುತ್ತದೆ. ಮುಂದಿನ ಎರಡು ಸಾಲು ನಿವೃತ್ತರದು. ಅವರಲ್ಲಿ ನನಗೆ ಗೌರವವುಂಟು. ಇಡೀ ಸಭೆಯಲ್ಲಿ ಸ್ವಂತ ಇಚ್ಛೆಯಿಂದ ಬಂದವರೆಂದರೆ ಅವರೇ. ಹಿಂದಿನ ಸಾಲುಗಳಲ್ಲಿರುವವರು ಸುತ್ತೋಲೆ ಕಳುಹಿಸಿ ತರಗತಿಗಳಿಂದ ಎಬ್ಬಿಸಿ ತಂದ ಹುಡುಗ ಹುಡುಗಿಯರು. ಪಂಪನನ್ನೋ ಕುಮಾರವ್ಯಾಸನನ್ನೋ ಅರ್ಧದಲ್ಲಿ ಬಿಟ್ಟು ಅವರು ಎದ್ದು ಹೋಗುವುದನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಹತ್ತೂವರೆಗೆ ಕರೆದ ಸಭೆ ಹನ್ನೊಂದಕ್ಕೆ ಆರಂಭವಾಗುತ್ತದೆ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ಅತಿಥಿಗಳ ಪರಿಚಯ ಮಾಡಿದವರಿಗೆ ಕೃತಜ್ಞತೆ, ಶಾಲು, ಹಣ್ಣು, ಸ್ಮರಣಿಕೆ. ಮುಖ್ಯ ಉಪನ್ಯಾಸಕರು ಎದ್ದು ನಿಲ್ಲುವಾಗ ಹನ್ನೆರಡೂ ಕಾಲು. ಅವರು ಮುಗಿಸುವಾಗ ಒಂದು ಗಂಟೆ. ‘ಸಂವಾದ’ ಎಂದು ಅಚ್ಚುಹಾಕಿಸಿದ ಅರ್ಧ ತಾಸನ್ನು ಸಾಂಬಾರಿನ ಪರಿಮಳ ನುಂಗಿಬಿಡುತ್ತದೆ.

ಹೀಗೇಕೆ ನಡೆಯುತ್ತದೆ? ಉತ್ತರ ಕಷ್ಟದ್ದಲ್ಲ. ಈ ಸಭೆಗಳು ಕೇಳುವವರಿಗಾಗಿ ನಡೆಯುತ್ತಿಲ್ಲ, ವರದಿಗಾಗಿ ನಡೆಯುತ್ತಿವೆ. ಕಾಲೇಜುಗಳ ಗುಣಮಟ್ಟ ಅಳೆಯಲು 1994ರಲ್ಲಿ ನ್ಯಾಕ್ ಎಂಬ ಪರಿಷತ್ತು ಸ್ಥಾಪನೆಯಾಯಿತು. ಉದ್ದೇಶ ಒಳ್ಳೆಯದೇ; ಸಮಾಜದೊಡನೆ ಕಾಲೇಜಿನ ಸಂಬಂಧ ಏನೆಂದು ಅದು ಕೇಳುವುದೂ ನ್ಯಾಯವೇ. ಆದರೆ ಪ್ರಶ್ನೆಗೆ ಉತ್ತರವಾಗಿ ನಾವು ಸಮಾಜವನ್ನು ತರುವ ಬದಲು ಅದರ ಛಾಯಾಚಿತ್ರವನ್ನು ತರುತ್ತೇವೆ. ಈಗ ಆ ಚಿತ್ರದಲ್ಲಿ ಸ್ಥಳದ ಅಕ್ಷಾಂಶ ರೇಖಾಂಶಗಳೂ ಮೂಡಿರಬೇಕಂತೆ. ಸಭೆ ಭೂಮಂಡಲದ ಯಾವ ಬಿಂದುವಿನಲ್ಲಿ ನಡೆಯಿತೆಂಬುದಕ್ಕೆ ಇಷ್ಟು ಖಚಿತವಾದ ದಾಖಲೆಯುಂಟು. ಅಲ್ಲಿ ಯಾರಾದರೂ ಏನನ್ನಾದರೂ ಕೇಳಿಸಿಕೊಂಡರೆ ಎಂಬುದಕ್ಕೆ ಇಲ್ಲ. ಕಚೇರಿಯ ವೇಳೆಯಲ್ಲಿ ಸಭೆ ನಡೆದರೆ ಕಚೇರಿಯ ಸಿಬ್ಬಂದಿಯೇ ಕುರ್ಚಿ ಹಾಕುತ್ತಾರೆ, ಕಚೇರಿಯ ಬಸ್ಸೇ ಅತಿಥಿಯನ್ನು ತರುತ್ತದೆ, ಸಂಜೆಯೊಳಗೆ ಎಲ್ಲರೂ ಮನೆ ಸೇರುತ್ತಾರೆ. ಅನುಕೂಲ ಯಾರದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಾನಿರುವುದು ಮಂಗಳೂರಿನ ಉತ್ತರದಲ್ಲಿ, ಸುರತ್ಕಲ್ಲಿನ ಬಳಿಯ ಕಾಟಿಪಳ್ಳದಲ್ಲಿ. ಬೇರೆ ಕಡೆಯ ವಾಚಕರಿಗೆ ಈ ಹೆಸರು ಪರಿಚಯವಿರಲಾರದು. ಇದ್ದರೂ ಒಳ್ಳೆಯ ಸುದ್ದಿಯಿಂದ ಪರಿಚಯವಾಗಿರಲಾರದು. ಇಲ್ಲಿ ವಿಳಾಸ ಹೇಳುವಾಗ ಕೇರಿಯ ಹೆಸರು ಹೇಳುವುದಿಲ್ಲ, ಬ್ಲಾಕಿನ ಸಂಖ್ಯೆ ಹೇಳುತ್ತಾರೆ. ಊರಿಗೆ ಹೀಗೆ ಅಂಕಿ ಬಿದ್ದದ್ದಕ್ಕೆ ಕಾರಣವುಂಟು. 1960ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರಿನ ಕೆಲಸ ಆರಂಭವಾದಾಗ ಅಲ್ಲಿಂದ ಎಬ್ಬಿಸಿದ ಕುಟುಂಬಗಳಿಗೆ ಈ ಗುಡ್ಡಪ್ರದೇಶದಲ್ಲಿ ನಿವೇಶನ ಕೊಟ್ಟರು. ಆ ಬಂದರು ಕಡಲಿನ ಅಂಚಿಗೆ ಕಟ್ಟೆ ಕಟ್ಟಿದ್ದಷ್ಟೇ ಅಲ್ಲ. ನೆಲವನ್ನು ಕಡಿದು, ಒಳಗೆ ಕಡಲನ್ನು ಕರೆದು ತಂದು ಮಾಡಿದ ಬಂದರು. 1974ರಲ್ಲಿ ಅದು ಪ್ರಧಾನ ಬಂದರೆಂದು ಘೋಷಿತವಾಯಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ನಮ್ಮ ಬ್ಲಾಕಿನ ಅಜ್ಜರೊಬ್ಬರು ಇದನ್ನೇ ಒಂದು ವಾಕ್ಯದಲ್ಲಿ ಹೇಳುತ್ತಾರೆ: ‘‘ನಮ್ಮ ಮನೆ ಇದ್ದ ಜಾಗದಲ್ಲಿ ಈಗ ಹಡಗು ನಿಲ್ತದೆ ಮಾಸ್ಟ್ರೆ.’’

ತಂತ್ರಜ್ಞಾನ ಮತ್ತು ಸಮಾಜ ಎಂಬ ವಿಷಯದ ಮೇಲೆ ಇದಕ್ಕಿಂತ ಸಂಗ್ರಹವಾದ ಪ್ರಬಂಧವನ್ನು ನಾನು ಯಾವ ವಿಚಾರಸಂಕಿರಣದಲ್ಲಿಯೂ ಕೇಳಿಲ್ಲ. ಬಂದರಿನ ಬೆನ್ನಿಗೆ ರಸಗೊಬ್ಬರದ ಕಾರ್ಖಾನೆ ಬಂತು, ಕಬ್ಬಿಣದ ಅದಿರು ಬಂತು, ಆಮೇಲೆ ತೈಲ ಶುದ್ಧೀಕರಣದ ಸ್ಥಾವರ ಬಂತು. ಸುರತ್ಕಲ್ಲಿನಲ್ಲಿ 1960ರಲ್ಲಿಯೇ ಇಂಜಿನಿಯರಿಂಗ್ ಕಾಲೇಜು ಹುಟ್ಟಿತ್ತು. ಅದೀಗ ರಾಷ್ಟ್ರೀಯ ಸಂಸ್ಥೆ. ಇಷ್ಟೆಲ್ಲದರ ನಡುವೆ ಆರು ದಶಕ ಬಾಳಿದ ಒಂದು ಊರಿದೆ. ಗಾಳಿಯ ವಾಸನೆಯಿಂದಲೇ ಯಾವ ದಿಕ್ಕಿನ ಗಾಳಿಯೆಂದು ಹೇಳಬಲ್ಲ ಜನರಿದ್ದಾರೆ. ಆದರೆ ಅಭಿವೃದ್ಧಿ, ಯಂತ್ರ, ಪರಿಸರ ಎಂಬ ಮಾತುಗಳು ಅವರ ಪರವಾಗಿ ಬೇರೆಯವರಿಂದ, ಅವರಿಲ್ಲದ ಕೊಠಡಿಯಲ್ಲಿ, ಅವರು ದುಡಿಯುವ ಹೊತ್ತಿನಲ್ಲಿ ಆಡಲ್ಪಡುತ್ತವೆ. ಗಂಡಸರು ಪಾಳಿಯಲ್ಲಿರುತ್ತಾರೆ, ಲಾರಿಯಲ್ಲಿರುತ್ತಾರೆ, ಮೀನಿನ ದಕ್ಕೆಯಲ್ಲಿರುತ್ತಾರೆ. ಇಲ್ಲವೆ ಕೊಲ್ಲಿ ದೇಶಗಳಲ್ಲಿರುತ್ತಾರೆ. ಹೆಂಗಸರು ಬೀಡಿಯ ಸೂಪಿನ ಮುಂದಿರುತ್ತಾರೆ. ನೆರೆಯ ಅಕ್ಕ ಒಬ್ಬರನ್ನು ಇಂಥ ಒಂದು ಸಭೆಗೆ ಕರೆದಿದ್ದೆ. ‘‘ಬರ್ಲಿಕ್ಕೆ ಮನಸ್ಸಿಲ್ಲ ಅಂತ ಅಲ್ಲ ಮಾಸ್ಟ್ರೆ. ಹನ್ನೊಂದು ಗಂಟೆಗೆ ಬೀಡಿ ಬ್ರಾಂಚಿಗೆ ಕೊಂಡೋಗ್ಲಿಕ್ಕೆ ಉಂಟಲ್ಲ?’’ ಎಂದರು. ಆ ಸಭೆಯ ವಿಷಯ ‘ಮಹಿಳೆ ಮತ್ತು ದುಡಿಮೆ’.

ಹಗಲು ಮಾತನಾಡುವುದೇ ತಪ್ಪೆಂದು ನನ್ನ ವಾದವಲ್ಲ. ಹಗಲು ಮಾತನಾಡುವುದಾದರೆ ಜನ ದುಡಿಯುವಲ್ಲಿಗೆ ಹೋಗಿ ಮಾತನಾಡಬೇಕು. ಇದು ಕನಸಲ್ಲ, ನಮ್ಮ ತೆಂಕಣ ಗಡಿಯಾಚೆ ನಡೆದ ಸಂಗತಿ. ಕಣ್ಣೂರಿನಲ್ಲಿ 1969ರಲ್ಲಿ ಬೀಡಿ ಕಾರ್ಮಿಕರು ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿದರು. ಅಲ್ಲಿನ ಬೀಡಿ ಶೆಡ್ಡುಗಳಲ್ಲಿ ಎಲ್ಲರೂ ಬೀಡಿ ಕಟ್ಟುತ್ತಿದ್ದರೆ ಒಬ್ಬರು ಗಟ್ಟಿಯಾಗಿ ಪತ್ರಿಕೆ ಓದುವರು, ಕಾದಂಬರಿ ಓದುವರು. ಓದಿದವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವರು. ಕ್ಯೂಬಾದ ಹವಾನಾದಲ್ಲಿ ಚುಟ್ಟಾ ಸುತ್ತುವವರು 1865ರಷ್ಟು ಹಿಂದೆಯೇ ಇದೇ ಪದ್ಧತಿ ಆರಂಭಿಸಿದ್ದರು. ಕೈಗೆ ಕೆಲಸವಿದ್ದರೂ ಕಿವಿ ಬಿಡುವಾಗಿರುತ್ತದೆಂಬ ಸರಳ ಸತ್ಯ ಅವರಿಗೆ ಹೊಳೆದಿತ್ತು. ನಮ್ಮ ಜಿಲ್ಲೆಯಲ್ಲಿ ಬೀಡಿ ಮನೆಮನೆಗೆ ಹಂಚಿಹೋದ ಕೆಲಸ. ಒಬ್ಬೊಬ್ಬರೂ ಒಂದೊಂದು ಜಗಲಿಯಲ್ಲಿ. ಹೀಗಾಗಿ ಇಲ್ಲಿ ಓದುವವನು ಹುಟ್ಟಲಿಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಬಂದ ಮೇಲೆ ಆ ಜಗಲಿಗಳಿಗೆ ಒಂದಿಷ್ಟು ಹಗಲು ಮಾತು ತಲುಪಿತೆನ್ನಬಹುದು. ವಿಶ್ವವಿದ್ಯಾನಿಲಯಗಳಿಂದ ತಲುಪಲಿಲ್ಲ.

ಲಂಡನ್ನಿನ ಡಾರ್ಸೆಟ್ ಬೀದಿಯಲ್ಲಿ ಟೇಟಮ್ ಎಂಬವನೊಬ್ಬ ತನ್ನ ಮನೆಯಲ್ಲಿ ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದ. ಹೊತ್ತು ಸಂಜೆ ಎಂಟು ಗಂಟೆ, ಪ್ರವೇಶ ಒಂದು ಷಿಲ್ಲಿಂಗ್. 1810ರಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯ ಹುಡುಗನೊಬ್ಬ ಅಲ್ಲಿಗೆ ಹೋಗತೊಡಗಿದ. ಷಿಲ್ಲಿಂಗನ್ನು ಕೊಟ್ಟವನು ಕಮ್ಮಾರನಾಗಿದ್ದ ಅವನ ಅಣ್ಣ. ಆ ಹುಡುಗ ಮೈಕೆಲ್ ಫ್ಯಾರಡೆ. ಟೇಟಮ್ ಮಹಾಶಯ ನಮ್ಮ ಸಂಚಾಲಕರಂತೆ ಬೆಳಿಗ್ಗೆ ಹನ್ನೊಂದನ್ನು ಗೊತ್ತುಮಾಡಿದ್ದರೆ ಫ್ಯಾರಡೆ ಆ ಹೊತ್ತಿಗೆ ರಟ್ಟಿಗೆ ಅಂಟು ಹಚ್ಚುತ್ತಿರುತ್ತಿದ್ದ. ಮುಂದೆ ಅವನೇ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಾರ್ವಜನಿಕ ಉಪನ್ಯಾಸಮಾಲೆ ಆರಂಭಿಸಿದಾಗ ಆರಿಸಿಕೊಂಡದ್ದು ಶುಕ್ರವಾರದ ಸಂಜೆಯನ್ನು.

ಇಷ್ಟು ದೂರ ಹೋಗಬೇಕಾದ್ದೂ ಇಲ್ಲ. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಬುಧವಾರ ಸಂಜೆ ಆರು ಗಂಟೆಯನ್ನು ಹಿಡಿದುಕೊಂಡಿತು. ಪುತ್ತೂರಿನಲ್ಲಿ ಶಿವರಾಮ ಕಾರಂತರು ನಾಡಿನ ಸಾಹಿತಿಗಳನ್ನು ಕರೆಸಿದ್ದು ದಸರೆಯ ದಿನಗಳಿಗೆ, ಊರಿಗೆ ಬಿಡುವಿರುವ ಕಾಲಕ್ಕೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳಿಗೆ 1930ರ ದಶಕದಲ್ಲಿ ಪಂಡಿತರು ಹಳ್ಳಿಗಳಿಗೆ ಹೊರಟರೇ ಹೊರತು ಹಳ್ಳಿಗಳನ್ನು ಬಸ್ಸಿನಲ್ಲಿ ಮೈಸೂರಿಗೆ ತುಂಬಿಸಿ ತರಲಿಲ್ಲ. ಇವರಾರಿಗೂ ವರದಿಯ ಚಿಂತೆ ಇರಲಿಲ್ಲವೆಂದೇ ತೋರುತ್ತದೆ.

ಜನರಿಗೆ ಆಸಕ್ತಿಯಿಲ್ಲ, ಗಂಭೀರ ವಿಷಯವನ್ನು ಸಂಜೆ ಯಾರು ಕೇಳುತ್ತಾರೆ ಎಂಬ ಮಾತನ್ನು ನಾನು ಸಹೋದ್ಯೋಗಿಗಳ ಕೊಠಡಿಯಲ್ಲಿ ಬೇಕಾದಷ್ಟು ಸಲ ಕೇಳಿದ್ದೇನೆ. ತುಳುನಾಡಿನಲ್ಲಿ ಕುಳಿತು ಹೀಗೆನ್ನುವವರಿಗೆ ಏನು ಹೇಳುವುದು? ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದುದ್ದಕ್ಕೂ ಇಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ನಾಲ್ಕು ಮಂದಿ ಕುಳಿತು ವಾದಿಸುತ್ತಾರೆ, ಅಷ್ಟೆ. ವಾಲಿಯನ್ನು ಮರೆಯಲ್ಲಿ ನಿಂತು ಕೊಂದದ್ದು ಧರ್ಮವೆ ಎಂದು ವಾಲಿ ಕೇಳುತ್ತಾನೆ, ರಾಮ ಉತ್ತರಿಸುತ್ತಾನೆ. ಬರೆದಿಟ್ಟುಕೊಂಡ ಒಂದಕ್ಷರವಿಲ್ಲದೆ ಗಂಟೆಗಟ್ಟಲೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ನಿದ್ರೆಗೆಟ್ಟು ಕುಳಿತವರಲ್ಲಿ ಎಷ್ಟು ಮಂದಿ ಎಂ.ಎ. ಓದಿದ್ದರು? ಯಾವ ತರ್ಕ ಗೆದ್ದಿತು, ಯಾವುದು ಜಾರಿತು ಎಂದು ಮರುದಿನ ಚಹದ ಅಂಗಡಿಯಲ್ಲಿ ತೀರ್ಪು ಕೊಡುವ ಶ್ರೋತೃಗಳು ನಮಗಿದ್ದಾರೆ. ಅವರ ಮುಂದೆ ನಿಲ್ಲುವ ಧೈರ್ಯ ನಮ್ಮ ವಿದ್ವಾಂಸರಿಗಿದೆಯೆ ಎಂಬುದು ಬೇರೆ ಪ್ರಶ್ನೆ. ಹಾಜರಿಗಾಗಿ ಬಂದ ಹುಡುಗರು ಎದುರುತ್ತರ ಕೊಡುವುದಿಲ್ಲವಷ್ಟೆ.

ಮೊಬೈಲಿನಲ್ಲಿ ಎಲ್ಲ ಭಾಷಣಗಳೂ ಸಿಗುತ್ತವಲ್ಲ, ಬಿಡುವಾದಾಗ ಕೇಳಿಕೊಳ್ಳಲಿ ಎನ್ನುವವರೂ ಇದ್ದಾರೆ. ಕೇಳಿಕೊಳ್ಳಬಹುದು. ಆದರೆ ಹಡಗು ನಿಲ್ಲುವ ಜಾಗದಲ್ಲಿ ಮನೆಯಿದ್ದ ಅಜ್ಜರು ಮೊಬೈಲಿಗೆ ಮರುಪ್ರಶ್ನೆ ಹಾಕುವುದು ಹೇಗೆ?

ಇನ್ನೊಂದು ಆಕ್ಷೇಪ ಹಗುರವಾದದ್ದಲ್ಲ. ‘‘ನಿಮ್ಮ ಊರಿನಲ್ಲಿ ಸಂಜೆ ಸಭೆಯೆ? ಬೇಡ ಸ್ವಾಮಿ’’ ಎನ್ನುತ್ತಾರೆ. ಹಾಗೆನ್ನಲು ಅವರಿಗೆ ಕಾರಣವಿದೆ. 2018ರ ಜನವರಿಯಲ್ಲಿ ಕಾಟಿಪಳ್ಳದಲ್ಲಿ ಒಬ್ಬ ಯುವಕನ ಕೊಲೆಯಾಯಿತು. 2022ರ ಜುಲೈಯಲ್ಲಿ ಸುರತ್ಕಲ್ಲಿನಲ್ಲಿ ಇನ್ನೊಬ್ಬನದು. ಆಗ ಜಿಲ್ಲೆಯಲ್ಲಿ ಕೆಲವು ದಿನ ಸಂಜೆ ಆರರ ಮೇಲೆ ಅಂಗಡಿ ತೆರೆಯದಂತೆ ಆಜ್ಞೆಯಾಗಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಮತ್ತೆ ಕಾಟಿಪಳ್ಳದಲ್ಲಿ ಒಬ್ಬ ವ್ಯಾಪಾರಿಯದು. ಸತ್ತವರು ಒಂದೇ ಮತದವರಲ್ಲ, ಅತ್ತವರೂ ಅಲ್ಲ. ಆ ದಿನಗಳಲ್ಲಿ ನಾವು ಬಾಗಿಲು ಹಾಕಿಕೊಂಡು ಕುಳಿತ ಸಂಜೆಗಳ ನಿಶ್ಶಬ್ದ ಹೇಗಿತ್ತೆಂದು ಹೊರಗಿನವರಿಗೆ ವಿವರಿಸುವುದು ಕಷ್ಟ.

ಆದರೆ ಹಗಲಾದರೆ ಅಭಯ ಎಂದು ನಂಬುವವರು ಒಂದು ಸಂಗತಿಯನ್ನು ಗಮನಿಸಬೇಕು: 2018ರ ಕೊಲೆ ನಡೆದದ್ದು ಹಾಡುಹಗಲಿನಲ್ಲಿ. ಮತ್ತೂ ಒಂದು ಸಂಗತಿ ಉಂಟು. ನೆರೆಯವನ ಮೇಲೆ ನೆರೆಯವನನ್ನು ಎತ್ತಿಕಟ್ಟುವ ಭಾಷಣ ನಮ್ಮ ಕಡೆ ಯಾವಾಗ ನಡೆಯುತ್ತದೆ? ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನಡೆದದ್ದನ್ನು ಕಂಡವರಿದ್ದರೆ ತಿಳಿಸಲಿ. ಅಂಥ ಭಾಷಣಕಾರನಿಗೆ ಜನರ ಬಿಡುವಿನ ಹೊತ್ತು ಚೆನ್ನಾಗಿ ಗೊತ್ತು. ಪಾಳಿ ಮುಗಿಸಿ ಮಿಂದು ಬಂದ ಯುವಕ ಎಲ್ಲಿ ನಿಲ್ಲುತ್ತಾನೆ, ಯಾವ ಮೈದಾನಕ್ಕೆ ನಡೆದು ಬರಬಲ್ಲ, ಯಾವ ಮಾತಿಗೆ ಕಿವಿ ನಿಮಿರಿಸುತ್ತಾನೆ, ಎಲ್ಲವೂ ಗೊತ್ತು. ಅವನು ಹಾರ ತುರಾಯಿಗೆ ಅರ್ಧ ತಾಸು ಕಳೆಯುವುದಿಲ್ಲ. ಸೌಹಾರ್ದದ ಮೇಲಿನ ನಮ್ಮ ವಿಚಾರಸಂಕಿರಣವಾದರೋ ಪೊಲೀಸರ ಅನುಮತಿಯೂ ಬೇಡದ ಒಳಾಂಗಣದಲ್ಲಿ, ಆಗಲೇ ಸೌಹಾರ್ದದಿಂದಿರುವ ನಿವೃತ್ತ ಮುಖ್ಯೋಪಾಧ್ಯಾಯರ ಮುಂದೆ ನಡೆದು ಮುಗಿಯುತ್ತದೆ. ಇಪ್ಪತ್ತರ ಹುಡುಗನ ಸಂಜೆಯನ್ನು ಒಬ್ಬರಿಗೆ ಪೂರ್ತಿಯಾಗಿ ಬಿಟ್ಟುಕೊಟ್ಟು, ಆಮೇಲೆ ಅವನು ಅವರ ಮಾತನ್ನೇ ಏಕೆ ಕೇಳುತ್ತಾನೆ ಎಂದು ಹಗಲಿನ ಸಭೆಯಲ್ಲಿ ಆಶ್ಚರ್ಯಪಡುವುದಕ್ಕೆ ಏನರ್ಥ? ಅವನ ಬಳಿ ಬೇರೆ ಮಾತನ್ನು ಕೊಂಡೊಯ್ದವರು ಯಾರು?

ಹೆಂಗಸರು ಕತ್ತಲಾದ ಮೇಲೆ ಬರಲಾರರು ಎಂಬುದನ್ನು ನಾನು ನಂಬುವುದಿಲ್ಲ. ಭಜನೆಗೆ ಬರುತ್ತಾರೆ, ನೇಮಕ್ಕೆ ಬರುತ್ತಾರೆ, ಉರೂಸಿಗೆ ಹೋಗುತ್ತಾರೆ, ಮಗುವನ್ನು ಚಾಪೆಯ ಮೇಲೆ ಮಲಗಿಸಿ ಬೆಳಗಾಗುವವರೆಗೆ ಆಟ ನೋಡುತ್ತಾರೆ. ಅವರು ನಮ್ಮ ಉಪನ್ಯಾಸಕ್ಕೆ ಬರದಿದ್ದರೆ ಕತ್ತಲೆಯನ್ನು ದೂರಬೇಕಾಗಿಲ್ಲ.

ಆದ್ದರಿಂದ ನನ್ನ ಸೂಚನೆ ಇಷ್ಟೆ, ಖರ್ಚಿನದಲ್ಲ. ಈ ಸಲ ಪತ್ತನಾಜೆಯ ಬಳಿಕ ತಿಂಗಳಿಗೊಂದು ಶನಿವಾರ, ಸಂಜೆ ಏಳೂವರೆಗೆ, ಕಾಟಿಪಳ್ಳದ ಒಂದೊಂದು ಬ್ಲಾಕಿನಲ್ಲಿ ಸಭೆ ಕರೆಯೋಣ. ಶಾಲೆಯ ಜಗಲಿ ಸಾಕು. ಮೊದಲ ವಿಷಯ ಬಂದರು. ಅದನ್ನು ಕುರಿತು ಒಬ್ಬ ಇಂಜಿನಿಯರು ಇಪ್ಪತ್ತು ನಿಮಿಷ ಮಾತನಾಡಲಿ, ಪಣಂಬೂರಿನಿಂದ ಬಂದ ಹಿರಿಯರೊಬ್ಬರು ಇಪ್ಪತ್ತು ನಿಮಿಷ ಎದುರುತ್ತರ ಕೊಡಲಿ, ಉಳಿದ ಹೊತ್ತು ಸಭೆಯದು. ತುಳುವಿನಲ್ಲಿ ಕೇಳಿದರೂ ಬ್ಯಾರಿ ಭಾಷೆಯಲ್ಲಿ ಕೇಳಿದರೂ ಕನ್ನಡದಲ್ಲಿ ಉತ್ತರ ಸಿಗಲಿ. ಅಧ್ಯಕ್ಷರು ಬೇಡ, ಶಾಲು ಬೇಡ, ಛಾಯಾಗ್ರಾಹಕ ಬೇಡವೇ ಬೇಡ. ಹುಡುಗರ ಹಾಜರಿಯನ್ನು ಯಾರೂ ತೆಗೆದುಕೊಳ್ಳತಕ್ಕದ್ದಲ್ಲ. ಬರುವ ವಿದ್ವಾಂಸರಿಗೆ ಆಮಂತ್ರಣದಲ್ಲಿಯೇ ಎರಡು ಸಂಗತಿಗಳನ್ನು ತಿಳಿಸಿಬಿಡಬೇಕು: ಊಟ ಸಭೆಯಾದ ಮೇಲೆ ನಮ್ಮ ಮನೆಯಲ್ಲಿ, ಕೊಡೆಯನ್ನು ಮಾತ್ರ ಅವರೇ ತರಬೇಕು.