ಮಹಾಲಿಂಗ ನಾಯ್ಕರ ಸುರಂಗವೂ ಬಂಗಾರಪೇಟೆಯ ಕೊಳವೆ ಬಾವಿಯೂ

ಪ್ರಗತಿಪರ ರೈತರೊಬ್ಬರ ತೋಟವನ್ನು ನೋಡಿ ಬಂದ ರೈತ ಬಾಂಧವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಕೆಲವೇ. ಯಾವ ತಳಿ ಹಾಕಿದ್ದಾರೆ? ಎಷ್ಟು ಗೊಬ್ಬರ ಕೊಟ್ಟಿದ್ದಾರೆ? ಎಷ್ಟು ಅಡಿಗೆ ನೀರು ಸಿಕ್ಕಿತು? ಇವು ಬೇಕಾದ ಪ್ರಶ್ನೆಗಳೇ. ಆದರೆ ಈ ಸಾಧನೆ ನಡೆಯುತ್ತಿದ್ದ ವರ್ಷಗಳಲ್ಲಿ ಅವರ ಮನೆ ಹೇಗೆ ನಡೆಯಿತು, ಹೆಂಡತಿ ಮಕ್ಕಳ ಹೊಟ್ಟೆ ಯಾವುದರಿಂದ ತುಂಬಿತು ಎಂದು ಕೇಳುವವರು ವಿರಳ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಸುತ್ತಿನ ರೈತರಿಗಂತೂ ಇದು ಅಳಿವು ಉಳಿವಿನ ಪ್ರಶ್ನೆಯಾಗಿದೆ.

ಇದಕ್ಕೆ ಉದಾಹರಣೆಯಾಗಿ ದಕ್ಷಿಣ ಕನ್ನಡದ ಒಬ್ಬ ರೈತರ ಬದುಕನ್ನು ನೋಡೋಣ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕ ಬಳಿಯ ಅಮೈ ಎಂಬಲ್ಲಿನ ಮಹಾಲಿಂಗ ನಾಯ್ಕರು ಮೊದಲು ಕೂಲಿಯಾಳು. ಬೇರೆಯವರ ಅಡಿಕೆ, ತೆಂಗಿನ ತೋಟಗಳಲ್ಲಿ ದುಡಿದು ಸಂಸಾರ ನಡೆಸುತ್ತಿದ್ದವರು. 1978ರ ಸುಮಾರಿಗೆ ಅವರು ದುಡಿಯುತ್ತಿದ್ದ ಜಮೀನಿನ ಒಡೆಯರು ಅವರಿಗೆ ಎರಡು ಎಕರೆ ಭೂಮಿ ಕೊಟ್ಟರು. ಅದು ನೀರಿನ ಆಸರೆ ಇಲ್ಲದ ಬೋಳು ಗುಡ್ಡದ ಇಳಿಜಾರು. ಬಾವಿ ತೋಡಿಸಲು ಕೈಯಲ್ಲಿ ಹಣವಿರಲಿಲ್ಲ. ನಾಯ್ಕರು ಆ ಸೀಮೆಯ ಹಳೆಯ ಪದ್ಧತಿಯಂತೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆಯಲು ನಿಂತರು. ಹಗಲು ಕೂಲಿ, ಕತ್ತಲಾದ ಮೇಲೆ ದೀಪದ ಬೆಳಕಿನಲ್ಲಿ ಅಗೆತ. ಒಂದರ ಹಿಂದೆ ಒಂದರಂತೆ ಹಲವು ಸುರಂಗಗಳು ವ್ಯರ್ಥವಾದವು. ನೋಡಿದವರು ನಕ್ಕರು. ವರ್ಷಗಟ್ಟಲೆ ದುಡಿದ ಮೇಲೆ ಕೊನೆಗೆ ನೀರು ದೊರೆಯಿತು. ಇಳಿಜಾರಿನಲ್ಲಿ ಕಲ್ಲು ಹೊತ್ತು ತಂದು ಕಟ್ಟೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ನೆಲ ಸಮ ಮಾಡಿ, ಅಡಿಕೆ, ತೆಂಗು, ಬಾಳೆ, ಮೆಣಸು ಬೆಳೆದರು. 2022ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು.

ಈ ಕಥೆಯನ್ನು ಎಲ್ಲರೂ ಛಲದ ಕಥೆಯೆಂದು ಹೇಳುತ್ತಾರೆ. ಛಲ ನಿಜವೇ. ಆದರೆ ಅದರೊಳಗೆ ಒಂದು ಲೆಕ್ಕವೂ ಇದೆ. ನಾಯ್ಕರು ಸುರಂಗಕ್ಕಾಗಿ ಹಗಲಿನ ಕೂಲಿಯನ್ನು ಬಿಡಲಿಲ್ಲ. ಮನೆಯ ಒಲೆ ಆ ಕೂಲಿಯಿಂದ ಉರಿಯುತ್ತಿತ್ತು. ಸುರಂಗಕ್ಕೆ ಅವರು ಹೂಡಿದ್ದು ಮುಖ್ಯವಾಗಿ ಮೈಶ್ರಮವನ್ನು. ಒಂದು ಸುರಂಗ ವ್ಯರ್ಥವಾದರೆ ನಷ್ಟವಾದದ್ದು ಅಷ್ಟು ದಿನದ ಬೆವರು. ಮರುದಿನ ಮತ್ತೆ ಕೂಲಿಗೆ ಹೋಗಬಹುದಿತ್ತು, ರಾತ್ರಿ ಮತ್ತೆ ಗುದ್ದಲಿ ಹಿಡಿಯಬಹುದಿತ್ತು. ಸೋಲು ಮನೆಯ ಹೊಸಿಲು ದಾಟಿ ಒಳಗೆ ಬರಲಿಲ್ಲ. ಹಾಗಾಗಿಯೇ ಅಷ್ಟು ಬಾರಿ ಸೋಲಲು ಅವರಿಗೆ ಶಕ್ತಿಯಿತ್ತು.

ಸುರಂಗ ನಮ್ಮ ನೆಲಕ್ಕೆ ಒಗ್ಗದು

ಇದನ್ನು ಓದಿ ಯಾರೂ ಬಂಗಾರಪೇಟೆಯ ಬೆಟ್ಟಗಳಲ್ಲಿ ಸುರಂಗ ತೋಡಲು ಹೊರಡಬಾರದು. ಕರಾವಳಿಯ ಗುಡ್ಡಗಳು ಮುರಕಲ್ಲಿನವು. ಅವು ಗುದ್ದಲಿಗೆ ಬಗ್ಗುತ್ತವೆ, ಮಳೆ ನೀರನ್ನು ಹೀರಿ ಹಿಡಿದುಕೊಳ್ಳುತ್ತವೆ. ಅಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮಲ್ಲಿ ಬೀಳುವುದು ಸುಮಾರು 700ರಿಂದ 750 ಮಿಲಿಮೀಟರು. ನೆಲದಡಿ ಗಟ್ಟಿ ಬಂಡೆ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಂತೆ ಆ ಬಿರುಕುಗಳೂ ಕಡಿಮೆಯಾಗುತ್ತವೆ.

ಮಹಾಲಿಂಗ ನಾಯ್ಕರಿಂದ ನಾವು ಕಲಿಯಬೇಕಾದುದು ಅವರ ಕ್ರಮವನ್ನು. ತಮ್ಮ ನೆಲದ ಗುಣಕ್ಕೆ ಒಗ್ಗಿದ ಹಳೆಯ ಪದ್ಧತಿಯನ್ನು ಅವರು ಹಿಡಿದರು. ಮನೆಯನ್ನು ಪಣಕ್ಕೆ ಒಡ್ಡಲಿಲ್ಲ. ನೀರು ಕಂಡ ಮೇಲೆ ತೋಟ ಕಟ್ಟಿದರು. ನಾವು ಮಾಡುತ್ತಿರುವುದು ಬಹುಪಾಲು ಇದಕ್ಕೆ ವಿರುದ್ಧ.

ಚಿನ್ನದ ಗಣಿ ಹೇಳುವ ಪಾಠ

ನೆಲ ಅಗೆಯುವುದು ಎಂದರೇನು ಎಂಬುದನ್ನು ಕೆ.ಜಿ.ಎಫ್. ನೆರೆಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸ ಹಿಡಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಹರಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆಗಲೂ ನೆಲದಡಿ ಚಿನ್ನ ಪೂರ್ತಿ ಬರಿದಾಗಿರಲಿಲ್ಲ. ಅದನ್ನು ಮೇಲೆತ್ತುವ ಖರ್ಚು ಅದರಿಂದ ಬರುವ ಬೆಲೆಯನ್ನು ಮೀರಿತ್ತು.

ಚಿನ್ನಕ್ಕೇ ಗಿಟ್ಟದ ಆಳವೊಂದು ಇರುವಾಗ ಟೊಮೇಟೊಗೆ ಇರದೆ? ಹಿಂದೆ ತೆರೆದ ಬಾವಿಯಲ್ಲಿ ಕಪಿಲೆ ಹೊಡೆದು ನೀರೆತ್ತುತ್ತಿದ್ದ ಊರುಗಳಲ್ಲಿ ಈಗ ಸಾವಿರ ಅಡಿ ಮೀರಿ ಕೊರೆಯುವುದು ಮಾಮೂಲಾಗಿದೆ. ಕೋಲಾರ ಜಿಲ್ಲೆಯ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಸೇರಿವೆ. ಮೊದಲ ಕೊಳವೆ ಬಾವಿ ಬತ್ತಿತೆಂದು ಎರಡನೆಯದು, ಎರಡನೆಯದರ ಸಾಲ ತೀರಿಸಲು ಮೂರನೆಯದು. ಸಾಲದ ಪತ್ರಕ್ಕೆ ಮನೆಯ ಯಜಮಾನ ಸಹಿ ಹಾಕುತ್ತಾನೆ. ಅಡವಿಗೆ ಹೋಗುವುದು ಹೆಂಡತಿಯ ಕೊರಳಿನದು. ನಿಲ್ಲುವುದು ಮಗಳ ಓದು. ಯಂತ್ರ ಕೊರೆದು ಹೋದ ರಾತ್ರಿ ಹೊರಬಂದ ಬಿಳಿ ದೂಳಿನ ಬೆಲೆಯನ್ನು ಮನೆಯವರೆಲ್ಲ ವರ್ಷಗಟ್ಟಲೆ ತೆರುತ್ತಾರೆ.

ಇನ್ನೊಂದು ವಿಷಯ ಗಮನಾರ್ಹ. ನಮ್ಮ ಅನೇಕ ಮನೆಗಳಲ್ಲಿ ಡೇರಿಯಿಂದ ಬರುವ ಹಾಲಿನ ಬಟವಾಡೆಯೇ ನಂಬಿಕೆಯ ಆದಾಯ. ಹುಲ್ಲು ತರುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಬಹುಪಾಲು ಹೆಂಗಸರ ದುಡಿಮೆ. ಈ ಹಣ ನಾಯ್ಕರ ಹಗಲಿನ ಕೂಲಿಯಂತೆ ಮನೆಯನ್ನು ಕಾಯಬೇಕಾದುದು. ಅದೇ ಹಣ ಕೊಳವೆ ಬಾವಿಯ ಬಡ್ಡಿಗೆ ಹೋದರೆ ಮನೆಗೆ ಆಸರೆ ಯಾವುದು? ಹಾಗಿದ್ದೂ ಎಲ್ಲಿ ಕೊರೆಸಬೇಕು, ಎಷ್ಟು ಅಡಿ ಕೊರೆಸಬೇಕು ಎಂಬ ಮಾತು ಬಂದಾಗ ಹಾಲು ಕರೆಯುವ ಆಕೆಯನ್ನು ಕೇಳುವವರಿಲ್ಲ.

ಬಿದ್ದ ಮಳೆಯ ಲೆಕ್ಕ

ಒಂದು ಎಕರೆಯ ಮೇಲೆ 700 ಮಿಲಿಮೀಟರು ಮಳೆ ಬಿದ್ದರೆ ಅದು ಸುಮಾರು 28 ಲಕ್ಷ ಲೀಟರು ನೀರು. ನಾಲ್ಕು ಎಕರೆಯ ಹಿಡುವಳಿಯಿಂದ ಹತ್ತರಲ್ಲಿ ಒಂದು ಪಾಲು ಹರಿದು ಹೋದರೂ ವರ್ಷಕ್ಕೆ 11 ಲಕ್ಷ ಲೀಟರು ಹೊಲ ಬಿಟ್ಟು ಹೋಗುತ್ತದೆ. ಸರಾಸರಿ 30 ಅಡಿ ಉದ್ದ, 30 ಅಡಿ ಅಗಲ, 10 ಅಡಿ ಆಳದ ಒಂದು ಕೃಷಿ ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರು ನಿಲ್ಲುತ್ತದೆ. ಒಂದು ಎಕರೆ ರಾಗಿಗೆ ತೆನೆ ಹೊರಡುವ ಕಾಲದಲ್ಲಿ ಮಳೆ ಕೈಕೊಟ್ಟರೆ, 5 ಸೆಂಟಿಮೀಟರಿನ ಒಂದು ನೀರು ಕೊಡಲು ಬೇಕಾದುದು ಎರಡು ಲಕ್ಷ ಲೀಟರು. ಆ ಒಂದು ನೀರು ಎಷ್ಟೋ ಸಾರಿ ಬೆಳೆಯನ್ನು ಉಳಿಸುತ್ತದೆ.

ನಮ್ಮ ಕೆಂಪು ಮಣ್ಣಿನಲ್ಲಿ ನೀರು ಇಂಗಿ ಹೋಗುವುದರಿಂದ ಹೊಂಡದ ತಳಕ್ಕೂ ಬದಿಗಳಿಗೂ ಪಾಲಿಥೀನ್ ಹಾಳೆ ಹೊದಿಸಬೇಕು. ಮಕ್ಕಳು, ದನಕರು ಬೀಳದಂತೆ ಸುತ್ತ ಬೇಲಿ ಹಾಕಲೇಬೇಕು. ನೀರು ಬಾರದ ಕೊಳವೆ ಬಾವಿಯ ಬಾಯನ್ನು ಅದೇ ದಿನ ಮುಚ್ಚಬೇಕು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದುಗಳನ್ನು ಸರಿಪಡಿಸುವುದು, ರಾಗಿಯಲ್ಲಿ ತೊಗರಿ ಅಥವಾ ಅವರೆಯ ಅಕ್ಕಡಿ ಸಾಲು ಬಿಡುವುದು, ಇವಕ್ಕೆ ಸಾಲ ಬೇಕಿಲ್ಲ. ಮನೆಯವರ ದುಡಿಮೆ ಸಾಕು.

ಕೆರೆ, ಕುಂಟೆ, ಕಲ್ಯಾಣಿಗಳು ನಮ್ಮ ಸೀಮೆಯ ಸುರಂಗಗಳು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯನ್ನು ಹಿರಿಯರು ಕೆರೆಗಳಿಂದ ಬದುಕಿಸಿದರು. ಗಣಿಯ ಊರಿಗೇ ಪಾಲಾರ್ ಪಾತ್ರದ ಬೇತಮಂಗಲದ ಕೆರೆಯಿಂದ ನೀರು ಹೋಗುತ್ತಿತ್ತು. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದಾಗ, ರಾಜಕಾಲುವೆ ಚೊಕ್ಕಟವಾಗಿದ್ದರೆ ಕೆರೆ ತುಂಬುತ್ತದೆ ಎಂಬುದು ಮತ್ತೆ ತಿಳಿಯಿತು. ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ತುಂಬಿಸುವುದು ಅದರ ಉದ್ದೇಶ. ಅದನ್ನು ನಂಬಿ ಹೊಸ ಕೊಳವೆ ಬಾವಿಗಳನ್ನು ಕೊರೆದರೆ ತುಂಬಿದ್ದು ಮತ್ತೆ ಬರಿದಾಗುತ್ತದೆ.

ರಾಗಿಯನ್ನೇ ನಂಬಿ ಸಂಸಾರ ಸಾಗೀತೆ ಎಂದು ರೈತರು ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದುದೇ. ತರಕಾರಿಯನ್ನೂ ರೇಷ್ಮೆಯನ್ನೂ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ನೀರಿಗೂ ಸಲ್ಲುತ್ತದೆ. ಇರುವ ನೀರಿಗೆ ಅರ್ಧ ಎಕರೆ ಟೊಮೇಟೊ ಸಾಕಾದರೆ ಹನಿ ನೀರಾವರಿಯಲ್ಲಿ ಅರ್ಧ ಎಕರೆಯನ್ನೇ ಬೆಳೆಯಬೇಕು. ಎರಡು ಎಕರೆ ನಾಟಿ ಮಾಡಿ ಆಮೇಲೆ ನೀರು ಹುಡುಕುವುದು ಬೇಸಾಯವಲ್ಲ, ಜೂಜು.

ಬಂಗಾರಪೇಟೆ ನಿಲ್ದಾಣದಲ್ಲಿ ದಿನಾ ಬೆಳಿಗ್ಗೆ ಬೆಂಗಳೂರಿನ ರೈಲು ಹತ್ತುವವರಲ್ಲಿ ಗಣಿ ಕಾರ್ಮಿಕರ ಮಕ್ಕಳಿದ್ದಾರೆ, ರೈತರ ಮಕ್ಕಳೂ ಇದ್ದಾರೆ. ಓದಿ ಒಳ್ಳೆಯ ಕೆಲಸಕ್ಕೆ ಹೋಗುವುದು ಸಂತೋಷದ ವಿಷಯ. ಅಪ್ಪ ಕೊರೆಸಿದ ಬತ್ತಿದ ಬಾವಿಯ ಸಾಲ ತೀರಿಸಲು ಹೋಗುವುದು ಸಂತೋಷದ ವಿಷಯವಲ್ಲ.

ಆದ್ದರಿಂದ ರೈತ ಬಾಂಧವರಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಕೊಳವೆ ಬಾವಿಗೆ ಮುಂಗಡ ಕೊಡುವ ಮುನ್ನ ಮನೆಯವರೆಲ್ಲ ಒಂದು ಸಂಜೆ ಒಟ್ಟಿಗೆ ಕುಳಿತುಕೊಳ್ಳಿ. ನೀರು ಬಾರದಿದ್ದರೆ ಮನೆ ಯಾವುದರಿಂದ ನಡೆಯುತ್ತದೆ ಎಂದು ಕೇಳಿಕೊಳ್ಳಿ. ಮನೆಯಾಕೆಯ ಉತ್ತರವನ್ನು ಮೊದಲು ಕೇಳಿ. ಉತ್ತರ ಸಿಗದಿದ್ದರೆ ಯಂತ್ರವನ್ನು ಕರೆಸಬೇಡಿ. ಅದೇ ಹಣದ ಒಂದು ಪಾಲಿನಲ್ಲಿ ಹೊಂಡವನ್ನೂ ಬದುವನ್ನೂ ಮಾಡಿಸಿ, ಒಂದು ಮಳೆಗಾಲ ನೋಡಿ. ಪ್ರಗತಿಪರ ರೈತರನ್ನು ಗುರುತಿಸುವ ನಾವೂ ಇನ್ನು ಮುಂದೆ ಇಳುವರಿಯ ಜೊತೆಗೆ ಆ ಮನೆಯ ಸಾಲದ ಲೆಕ್ಕವನ್ನೂ ಕೇಳಬೇಕು.