ಪೋರ್ಟ್ ಕೆಡುವ ತನಕ ಕಾಯಬೇಕೆ?

‘ಸರಿಯಾಗಿ ನಡೆಯುತ್ತಿರುವ ಲ್ಯಾಪ್‌ಟಾಪಿನ ಫರ್ಮ್‌ವೇರ್ ಮುಟ್ಟಲೇಬೇಡಿ’ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಕೊಟ್ಟ ಸಲಹೆ ಓದುಗರ ದಾರಿ ತಪ್ಪಿಸುತ್ತದೆ. 2017ರಿಂದ 2019ರವರೆಗಿನ ಹಲವು ಥಿಂಕ್‌ಪ್ಯಾಡ್‌ಗಳನ್ನೇ ನೋಡಿ. ಯುಎಸ್‌ಬಿ-ಸಿ ಪೋರ್ಟಿನ ಹಿಂದಿರುವ ಥಂಡರ್‌ಬೋಲ್ಟ್ ಕಂಟ್ರೋಲರಿನ ಹಳೆಯ ಫರ್ಮ್‌ವೇರಿನಲ್ಲೇ ದೋಷವಿತ್ತು. ಒಂದು ದಿನ ಚಾರ್ಜರ್ ಸಿಕ್ಕಿಸಿದರೆ ಚಾರ್ಜ್ ಆಗದು, ಮಾನಿಟರ್ ಜೋಡಿಸಿದರೆ ಚಿತ್ರ ಬಾರದು. ಡಿವೈಸ್ ಮ್ಯಾನೇಜರಿನಲ್ಲಿ ಕಂಟ್ರೋಲರೇ ನಾಪತ್ತೆ. ಲೆನೊವೊ ಸರಿಪಡಿಸಿದ ಫರ್ಮ್‌ವೇರ್ ಕೊಟ್ಟಿತು. ಮೊದಲೇ ಹಾಕಿಕೊಂಡವರು ಬಚಾವಾದರು. ಪೋರ್ಟ್ ಕೆಟ್ಟ ಮೇಲೆ ಎಚ್ಚೆತ್ತ ಕೆಲವರಿಗೆ ಮದರ್‌ಬೋರ್ಡ್ ಬದಲಿಸುವುದೇ ಗತಿಯಾಯಿತು.

ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಎಂಬ ಲೇಖಕರ ಭಯ ನ್ಯಾಯವಾದದ್ದೇ. ಆದರೆ ಅದಕ್ಕೆ ಮದ್ದು ಅಪ್‌ಡೇಟ್ ಬಿಡುವುದಲ್ಲ. ಬ್ಯಾಟರಿ ತುಂಬಿಸಿ, ಚಾರ್ಜರ್ ಸಿಕ್ಕಿಸಿಟ್ಟು, ನಿಮ್ಮದೇ ಮಾದರಿಯ ಫೈಲನ್ನು ತಯಾರಕರ ಜಾಲತಾಣದಿಂದಲೇ ಇಳಿಸಿಕೊಂಡು ಮಾಡುವುದು. ನಿಮ್ಮ ಯಂತ್ರದ ಫರ್ಮ್‌ವೇರ್ ಆವೃತ್ತಿಯನ್ನು ಇಂದೇ ನೋಡಿಕೊಳ್ಳಿ.