ದುಡಿಯುವ ಮೈಗೆ ವ್ಯಾಯಾಮ ಬೇಕೇ?

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯ ದಾಟಿ ಸಂಪಾಜೆ ಘಾಟಿಯತ್ತ ಸಾಗುವಾಗ ಸಿಗುವ ಪೇಟೆ ಕಲ್ಲುಗುಂಡಿ. ಬದಿಯಲ್ಲಿ ಪಯಸ್ವಿನಿ ಹೊಳೆ, ಸುತ್ತ ಅಡಿಕೆ ತೋಟ, ಗುಡ್ಡದ ಮೇಲೆ ರಬ್ಬರ್. ವ್ಯಾಯಾಮ ಮಾಡಿ ಎಂದು ಇಲ್ಲಿನ ಕೃಷಿಕರಿಗೆ ಯಾರಾದರೂ ಹೇಳಿದರೆ ಬರುವ ಉತ್ತರ ಬಹುತೇಕ ಒಂದೇ: "ನಮಗೆಂತ ವ್ಯಾಯಾಮ? ದಿನಾ ಗುಡ್ಡೆ ಹತ್ತಿ ಇಳಿಯುವುದು ಸಾಕಾಗುವುದಿಲ್ವಾ?"

ಈ ಮಾತನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ. ಭಾರ ಬಿದ್ದಂತೆ ಮೂಳೆ ತನ್ನನ್ನು ತಾನೇ ಗಟ್ಟಿ ಮಾಡಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲೇ ವಿವರಿಸಿದ್ದ. ಟೆನಿಸ್ ಆಟಗಾರರ ಆಡುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟ, ತೊಡೆಯ ಮೂಳೆಗಳು ತಿಂಗಳಿಗೆ ಸುಮಾರು ಶೇ. 1ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ಹಾಗೆ ನೋಡಿದರೆ ಹುಲ್ಲಿನ ಕಟ್ಟು ಹೊತ್ತು ಗುಡ್ಡ ಇಳಿಯುವ ಹೆಂಗಸಿನ ಮೂಳೆ ಕುರ್ಚಿಯಲ್ಲೇ ದಿನ ಕಳೆಯುವವರದಕ್ಕಿಂತ ಗಟ್ಟಿ ಇರಬೇಕಾದದ್ದೇ.

ಆದರೂ ಈ ದುಡಿಯುವ ಮೈಗಳೇ ನಲವತ್ತೈದಕ್ಕೆ ಸೊಂಟ ಹಿಡಿದುಕೊಂಡು, ಐವತ್ತೈದಕ್ಕೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೂರುವುದೇಕೆ?

ಉತ್ತರಕ್ಕೆ ರಬ್ಬರ್ ತೋಟದ ಒಂದು ಬೆಳಗನ್ನು ಹತ್ತಿರದಿಂದ ನೋಡಬೇಕು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ತಲೆಮಾರುಗಳಿಂದ ಟ್ಯಾಪಿಂಗ್ ಮಾಡುತ್ತಿವೆ. ಬಿಸಿಲೇರುವ ಮೊದಲೇ ಹಾಲು ಚೆನ್ನಾಗಿ ಇಳಿಯುವುದರಿಂದ ಕೆಲಸ ನಸುಕಿನಲ್ಲೇ ಶುರು. ಮರದ ಬುಡದಲ್ಲಿ ಬಾಗಿ, ಒಂದೇ ಓರೆಯಲ್ಲಿ, ಒಂದೇ ಮಣಿಕಟ್ಟಿನ ಬಲದಿಂದ ತೊಗಟೆಯ ತೆಳುವಾದ ಪದರ ಎಳೆಯಬೇಕು. ನೆಟ್ಟಗಾಗಿ ಮುಂದಿನ ಮರ, ಮತ್ತೆ ಬಾಗು. ಹೀಗೆ ನೂರಾರು ಮರ. ಗೀರು ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತದೆ, ಅದರೊಂದಿಗೆ ಬೆನ್ನೂ ಇನ್ನಷ್ಟು ಬಾಗುತ್ತದೆ. ಇಲ್ಲಿ ದುಡಿಯುವುದು ಕೆಲವೇ ಸ್ನಾಯುಗಳು, ಅದೂ ಒಂದೇ ಬದಿಗೆ. ಮೊಣಕೈಯ ಹೊರಬದಿಯಲ್ಲಿ ಕಾಣಿಸಿಕೊಳ್ಳುವ 'ಟೆನಿಸ್ ಎಲ್ಬೋ' ಎಂಬ ನೋವಿಗೆ ಟೆನಿಸ್ ಆಡಲೇಬೇಕೆಂದಿಲ್ಲ. ಚೂರಿ ಹಿಡಿದ ಇಂಥ ಕೆಲಸ ಸಾಕು.

ಅಳತೆ ಎಂದರೇನೆಂದು ಅಡಿಕೆ ಬೆಳೆಗಾರರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಪ್ರಮಾಣ ತಪ್ಪಿದರೆ ಮದ್ದೇ ಬೆಳೆಗೆ ಹಾನಿ. ಸ್ನಾಯುವಿಗೂ ಇಂಥದೇ ಲೆಕ್ಕವಿದೆ: ಸ್ವಲ್ಪ ಸ್ವಲ್ಪವೇ ಏರುವ ಭಾರ, ಎರಡೂ ಬದಿಗೆ ಸಮ ಕೆಲಸ, ನಡುವೆ ಚೇತರಿಸಿಕೊಳ್ಳಲು ಬಿಡುವು. ಮಾಂಸಖಂಡ ಬೆಳೆಯುವುದು ದುಡಿಯುವಾಗಲ್ಲ, ದುಡಿದ ಮೇಲಿನ ವಿಶ್ರಾಂತಿಯಲ್ಲಿ. ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ, ಹಾಗಾಗಿ ಅದರ ರಿಪೇರಿ ಇನ್ನೂ ನಿಧಾನ. ಕೂಲಿ ಕೆಲಸದಲ್ಲಿ ಈ ಅಳತೆಯನ್ನು ನಿರ್ಧರಿಸುವುದು ಮೈಯಲ್ಲ. ಮರದ ಸಂಖ್ಯೆ, ಮಳೆಯ ದಿನಗಳು, ಮೇಸ್ತ್ರಿಯ ಅವಸರ. ಬಿಡುವಿನ ವೇಳೆಯ ಚಟುವಟಿಕೆಯಿಂದ ಹೃದಯಕ್ಕೆ ಸಿಗುವ ಲಾಭ ಉದ್ಯೋಗದ ಭಾರೀ ದುಡಿಮೆಯಿಂದ ಅಷ್ಟಾಗಿ ಸಿಗುವುದಿಲ್ಲ ಎಂಬುದನ್ನು ಡೆನ್ಮಾರ್ಕ್‌ನ ಸಂಶೋಧಕರೂ ಗಮನಿಸಿದ್ದಾರೆ.

ಅಡಿಕೆ ಮರ ಏರುವವರ ಕಥೆ ಇನ್ನೂ ಕಠಿಣ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ನುಣುಪು ಕಾಂಡವನ್ನು ಅಪ್ಪಿ ಏರಿ, ತುದಿಯಲ್ಲಿ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವಾಗ ಹೆಗಲು, ಹಿಡಿತ, ಹೊಟ್ಟೆ, ತೊಡೆ ಎಲ್ಲವೂ ಒಟ್ಟಿಗೆ ಬಿಗಿಯಾಗಬೇಕು. ಜಾರಿ ಕಾಲೂರಿ ಬಿದ್ದರೆ ಹಿಮ್ಮಡಿಯ ಮೂಳೆ ಒಡೆಯುತ್ತದೆ. ಅದೇ ಪೆಟ್ಟು ಮೇಲಕ್ಕೇರಿ ಸೊಂಟದ ಕಶೇರುಕವನ್ನೂ ಜಜ್ಜಬಹುದು. ಹಿಮ್ಮಡಿ ಮುರಿದವರ ಬೆನ್ನನ್ನೂ ವೈದ್ಯರು ಪರೀಕ್ಷಿಸುವುದು ಅದಕ್ಕೇ. ಬಿದ್ದವರನ್ನು ಗಾಬರಿಯಲ್ಲಿ ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕಿದರೆ ಉಳಿದಿದ್ದ ಬೆನ್ನುಹುರಿಗೂ ಪೆಟ್ಟಾಗಬಹುದು. ಆ್ಯಂಬುಲೆನ್ಸ್ ಬರುವವರೆಗೆ ಅಲುಗಿಸದಿರುವುದೇ ಮೇಲು. ಸಾಗಿಸಲೇಬೇಕಾದರೆ ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿರುವಂತೆ ಹಲಗೆಯ ಮೇಲೆ ಸರಿಸಬೇಕು.

ವ್ಯಾಯಾಮದಿಂದ ಇದೆಲ್ಲ ತಪ್ಪುತ್ತದೆಯೇ ಎಂದು ಕೇಳುವವರಿದ್ದಾರೆ. ಪಾಚಿ ಹಿಡಿದ ಮರ ಎಂಥ ಬಲಶಾಲಿಯನ್ನೂ ಜಾರಿಸುತ್ತದೆ. ಸುರಕ್ಷಾ ಬೆಲ್ಟ್ ಇಲ್ಲದ ಏರಾಟಕ್ಕೆ ತೋಳಿನ ಬಲ ಪರಿಹಾರವಲ್ಲ. ಬಂಟ್ವಾಳದ ಸಜಿಪಮೂಡದ ಗಣಪತಿ ಭಟ್ಟರು ರೂಪಿಸಿದ ಮರ ಏರುವ ಬೈಕು, ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಇವೆಲ್ಲ ಬೇಕೇ ಬೇಕು. ಆದರೆ ದೋಟಿಯವರಿಗೂ ಕತ್ತು ಹಿಂದಕ್ಕೆ ಬಾಗಿಸಿ, ಕೈ ಮೇಲೆತ್ತಿ ದಿನವಿಡೀ ನಿಂತು ಕತ್ತು, ಹೆಗಲು ಹಿಡಿಯುತ್ತದೆ. ಯಂತ್ರ ಬಂದರೂ ಭಾರ ಮೈಯ ಇನ್ನೊಂದು ಕಡೆಗೆ ಸರಿಯಿತು, ಅಷ್ಟೇ. ಆ ಕಡೆಯನ್ನೂ ಸಿದ್ಧಗೊಳಿಸಬೇಕು.

ಇನ್ನು ಮನೆಯ ಹಿರಿಯರು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ಸೋಗೆ ಹಾಸಿ ದಾರಿ ಮಾಡುವ ರೂಢಿ ಇಲ್ಲಿದೆ. ಆದರೂ ಕಾಲು ಜಾರುತ್ತದೆ. ಕೈಯೂರಿ ಬಿದ್ದರೆ ಮಣಿಕಟ್ಟು, ಪಕ್ಕಕ್ಕೆ ಬಿದ್ದರೆ ತೊಡೆಮೂಳೆಯ ಕತ್ತು ಮುರಿಯುತ್ತದೆ. ಜಾರಿದ ಕ್ಷಣದಲ್ಲಿ ಮೈಯನ್ನು ತಡೆದು ನಿಲ್ಲಿಸಬೇಕಾದದ್ದು ತೊಡೆಯ ಸ್ನಾಯು. ವಯಸ್ಸಾದಂತೆ ಕರಗುವುದೂ ಅದೇ. ಕರಗಿದ್ದು ಮರಳುವುದಿಲ್ಲ ಎಂಬ ನಂಬಿಕೆಯನ್ನು 1990ರಲ್ಲಿ ಬಾಸ್ಟನ್‌ನ ಒಂದು ಅಧ್ಯಯನ ಅಲುಗಿಸಿತು. ಸರಾಸರಿ 90 ವರ್ಷದ, ವೃದ್ಧಾಶ್ರಮದಲ್ಲಿದ್ದ ಹತ್ತು ಮಂದಿ ಎಂಟು ವಾರ ಕಾಲಿಗೆ ಭಾರ ಎತ್ತುವ ಅಭ್ಯಾಸ ಮಾಡಿದರು. ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆಯ ಜತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೂಚಿಸಿದೆ.

ದೊಡ್ಡ ಕೊರತೆ ಇರುವುದು ಮೂಳೆ ಕೂಡಿದ ನಂತರ. ಪ್ಲಾಸ್ಟರ್ ಬಿಚ್ಚಿದ ದಿನ ಕಾಲು ಇನ್ನೊಂದಕ್ಕಿಂತ ಸಪೂರ ಕಾಣುತ್ತದೆ, ಗಂಟು ಬಿಗಿದಿರುತ್ತದೆ. ಎಕ್ಸ್‌ರೇಯಲ್ಲಿ ಸರಿಯಾಯಿತೆಂದು ವಾರದಲ್ಲೇ ತೋಟಕ್ಕಿಳಿದರೆ ಅದೇ ಕಾಲು ಮತ್ತೆ ಉಳುಕುತ್ತದೆ. ಹೇಳಿಕೊಟ್ಟ ಫಿಸಿಯೋಥೆರಪಿಯನ್ನು ನೋವು ತಗ್ಗಿದೊಡನೆ ಬಿಡುವವರು ಚಿಕಿತ್ಸೆಯನ್ನೇ ಅರ್ಧದಲ್ಲಿ ನಿಲ್ಲಿಸಿದಂತಾಗುತ್ತದೆ.

ದಿನವಿಡೀ ದುಡಿದವರಿಗೆ ಇನ್ನೊಂದು ಗಂಟೆಯ ಕಸರತ್ತು ಹೇಳುವುದು ಅನ್ಯಾಯ. ಅಷ್ಟು ಬೇಕಿಲ್ಲ. ಕೆಲಸಕ್ಕೆ ಮೊದಲು ಹೆಗಲು, ಸೊಂಟ ಸಡಿಲಿಸಲು ಐದು ನಿಮಿಷ. ಸಂಜೆ ಬಾಗಿದ ಬೆನ್ನನ್ನು ಹಿಂದಕ್ಕೆ ಚಾಚಲು ಐದು ನಿಮಿಷ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು. ಕೆಲಸ ಕಡಿಮೆಯಿರುವ ತಿಂಗಳುಗಳಲ್ಲಿ ಮೈ ಸಡಿಲಬಿಟ್ಟು ಕೊಯ್ಲಿನ ಮೊದಲ ದಿನವೇ ಮರ ಏರುವ ಬದಲು, ಮೂರು ನಾಲ್ಕು ವಾರ ಮುಂಚೆಯೇ ಹಿಡಿತ ಮತ್ತು ಹೆಗಲಿನ ಅಭ್ಯಾಸ ಶುರುವಾಗಬೇಕು. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಟ್ಲ ಕೇಂದ್ರದಲ್ಲಿ ಅಡಿಕೆ ಮರ ಏರುವ ತರಬೇತಿ ಶಿಬಿರಗಳು ನಡೆದಿವೆ. ತಳೆ ಹಾಕುವುದನ್ನು, ಬೆಲ್ಟ್ ಬಿಗಿಯುವುದನ್ನು ಕಲಿಸುವ ಇಂಥ ಶಿಬಿರಗಳಲ್ಲೇ ಒಬ್ಬ ಫಿಸಿಯೋಥೆರಪಿಸ್ಟರಿಗೆ ಅರ್ಧ ಗಂಟೆ ಕೊಟ್ಟರೆ, ಈ ಪಾಠ ಮರದ ಬುಡದಲ್ಲಿ ನಿಂತವರಿಗೇ ನೇರವಾಗಿ ತಲುಪುತ್ತದೆ.